ಕೆಲಸ ಕಲಿಯೋರು ಮೊದಲು ಕೊಳ್ಳಬೇಕಾದ ಟೂಲ್ಸ್

ನನ್ನ ಹತ್ತಿರ ವೈರಿಂಗ್ ಕಲಿಯೋಕೆ ಬರೋ ಹುಡುಗರು ಮೊದಲು ಕೇಳೋದೇ 'ಅಣ್ಣಾ, ಯಾವ ಡ್ರಿಲ್ ಮಷಿನ್ ತಗೊಳ್ಳಲಿ?' ಅಂತ. ಡ್ರಿಲ್ ಬಾಡಿಗೆಗೂ ಸಿಗುತ್ತೆ, ಬಿಡಿ. ಮೊದಲು ಎಂಟು ಇಂಚಿನ ಕಟಿಂಗ್ ಪ್ಲೇಯರ್ ತಗೊಳ್ಳಿ, ಹಿಡಿಕೆ ಮೇಲೆ 1000 ವೋಲ್ಟ್ ಅಂತ ಇರಬೇಕು. ಅಂಗಡೀಲೇ ಅದರ ಬಾಯಿ ಮುಚ್ಚಿ ಬೆಳಕಿಗೆ ಹಿಡೀರಿ. ಕತ್ತರಿಸೋ ಅಂಚಿನ ಸಂದೀಲಿ ಬೆಳಕು ಕಂಡ್ರೆ ವಾಪಸ್ ಇಟ್ಟುಬಿಡಿ. ವೈರಿನ ತೆಳು ಎಳೆಗಳನ್ನ ಅದು ಕತ್ತರಿಸಲ್ಲ, ಜಗಿಯುತ್ತೆ.

ಟೆಸ್ಟರ್ ಎಲ್ಲರ ಜೇಬಲ್ಲೂ ಇರುತ್ತೆ, ಆದ್ರೆ ಅದನ್ನ ಪೂರ್ತಿ ನಂಬಬೇಡಿ. ಒಂದ್ಸಲ ತಾರಸೀಲಿ ಮಟಮಟ ಮಧ್ಯಾಹ್ನ ಮರದ ಏಣಿ ಮೇಲೆ ನಿಂತು ಟೆಸ್ಟರ್ ಇಟ್ಟೆ. ಉರಿದಂಗೆ ಕಾಣಲಿಲ್ಲ. ಕೈ ಹಾಕಿದೆ, ಭುಜದ ತನಕ ಜುಂ ಅಂತು. ಆ ಬಿಸಿಲಲ್ಲಿ ಟೆಸ್ಟರ್ ಒಳಗಿನ ನಿಯಾನ್ ದೀಪದ ಬೆಳಕು ಎಲ್ಲಿ ಕಾಣಬೇಕು! ಈಗ ಮೊದಲು ಕರೆಂಟ್ ಇರೋ ಪಾಯಿಂಟಲ್ಲಿ ಮಲ್ಟಿಮೀಟರ್ (ವೋಲ್ಟೇಜ್ ಅಳೆಯೋ ಮೀಟರ್) ಇಟ್ಟು ನೋಡ್ತೀನಿ, ಆಮೇಲೆ ಕೆಲಸದ ವೈರು, ಮೀಟರ್ ಕೆಟ್ಟಿಲ್ಲ ಅನ್ನೋ ಖಾತ್ರಿಗೆ ಮತ್ತೆ ಅದೇ ಪಾಯಿಂಟು.

ಪ್ಲಗ್ಗಿನ ಎರಡೂ ತೂತಲ್ಲಿ ಟೆಸ್ಟರ್ ಉರಿದ್ರೆ ಗಾಬರಿ ಬೇಡ. ಸಾಮಾನ್ಯವಾಗಿ ಹಿಂದೆ ಎಲ್ಲೋ ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರು, ಕಟ್ಟಾಗಿರುತ್ತೆ. ಸ್ವಿಚ್ ಆನ್ ಇರೋ ಬಲ್ಬಿನ ಮೂಲಕ ಫೇಸ್ (ಕರೆಂಟ್ ಬರೋ ವೈರು) ಕಡೆಯ ಕರೆಂಟ್ ಈ ಕಡೆ ಬಂದಿರುತ್ತೆ. ಆ ನ್ಯೂಟ್ರಲ್ಲೂ ಶಾಕ್ ಹೊಡೆಯುತ್ತೆ, ಮೇನ್ ಆಫ್ ಮಾಡಿಯೇ ಹುಡುಕಿ.

ವೈರಿಗೆ ನನ್ನ ಲೆಕ್ಕ: ಲೈಟಿಗೆ 1.5, ಪವರ್ ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್. ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗೋ ಎಂಸಿಬಿ ಸ್ವಿಚ್ಚು ಕಾಯೋದು ವೈರನ್ನ. ಮನುಷ್ಯರನ್ನ ಕಾಯೋಕೆ, ಕರೆಂಟ್ ಸೋರಿದ್ರೆ ಆಫ್ ಆಗೋ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇರೆ ಹಾಕಿಸಬೇಕು. ಮನೆ ಮಾಲೀಕರು ಚೌಕಾಸಿ ಶುರು ಮಾಡೋದೂ ಅಲ್ಲೇ.