ವ್ಯಾನಿನ ಅಡುಗೆಗೆ ಗ್ಯಾಸ್: ತುಂಬಿಸೋದೋ, ಬದಲಾಯಿಸೋದೋ?

ಶಿವಮೊಗ್ಗದಿಂದ ನಮ್ಮ ವ್ಯಾನ್ ಹೊರಟಿತೆಂದರೆ ಊಟ, ತಿಂಡಿ, ಕಷಾಯ ಎಲ್ಲ ಅದರ ಹಿಂಬಾಗಿಲ ಕೆಳಗೇ ಆಗಬೇಕು. ತೀರ್ಥಹಳ್ಳಿ, ಆಗುಂಬೆ, ಹೊಸನಗರ, ಸಾಗರದ ಕಡೆ ಪರಿಚಯದವರ ಅಂಗಳದಲ್ಲೋ ಅಡಿಕೆ ಕಣದಲ್ಲೋ ಕೇಳಿಕೊಂಡು ಗಾಡಿ ನಿಲ್ಲಿಸುತ್ತೇವೆ. ಕಾಡೊಳಗೆ ಒಲೆ ಹಚ್ಚುವ ಮಾತೇ ಇಲ್ಲ. ಇಂಥದ್ದೇ ಗಾಡಿ ಮಾಡಿಕೊಳ್ಳಬೇಕು ಅನ್ನುವವರು ನನ್ನನ್ನು ಹೆಚ್ಚಾಗಿ ಕೇಳುವುದು ಗ್ಯಾಸಿನ ಬಗ್ಗೆ: ಸಣ್ಣ ಸಿಲಿಂಡರ್ ಇಟ್ಟುಕೊಂಡು ಅಂಗಡೀಲಿ ತುಂಬಿಸಿಕೊಳ್ಳೋದಾ, ಖಾಲಿ ಕೊಟ್ಟು ತುಂಬಿದ್ದು ತರೋದಾ? ಬದಲಾಯಿಸಿ ಅಂತಲೇ ನಾನು ಹೇಳುತ್ತೇನೆ. ಆದರೆ ತೂಕ ನೋಡದೆ ಬದಲಾಯಿಸಬೇಡಿ.

ಅಮೆರಿಕದ ಕ್ಯಾಂಪರ್‌ನವರ ವಿಡಿಯೋ ನೋಡಿದವರಿಗೆ ಈ ಉತ್ತರ ರುಚಿಸುವುದಿಲ್ಲ. ಅಲ್ಲಿ ಬಳಸುವುದು ಪ್ರೊಪೇನ್. 20 ಪೌಂಡ್ ಹಿಡಿಯುವ ಟ್ಯಾಂಕನ್ನು ಅಂಗಡಿಯಲ್ಲಿ ಬದಲಾಯಿಸಿದರೆ ಸಾಮಾನ್ಯವಾಗಿ 15 ಪೌಂಡಿನಷ್ಟೇ ಸಿಗುತ್ತದೆ. ತುಂಬಿಸುವ ಕಡೆ ಹೋದರೆ ಪೂರ್ತಿ ಸಿಗುತ್ತದೆ, ಟ್ಯಾಂಕಿನಲ್ಲಿ ಉಳಿದಿದ್ದ ಗ್ಯಾಸೂ ದಂಡವಾಗುವುದಿಲ್ಲ. ತುಂಬುವುದು ತರಬೇತಿಯಾದ ಕೆಲಸಗಾರ, ಮಿತಿ ಮೀರಿದರೆ ತಾನೇ ತಡೆಯುವ ವಾಲ್ವ್ ಟ್ಯಾಂಕಿನಲ್ಲೇ ಇರುತ್ತದೆ. ಹಾಗಾಗಿ ತುಂಬಿಸಿಕೊಳ್ಳಿ ಅನ್ನುವ ಸಲಹೆ ಅಲ್ಲಿಗೆ ಸರಿ. ನಮ್ಮಲ್ಲಿ ಪೇಟೆಯೊಳಗೆ ತುಂಬಿಸುವುದು ಅಂದರೆ ಬೇರೆಯೇ ಕಥೆ.

ಒಂದು ಒಲೆ ರಿಪೇರಿ ಅಂಗಡಿಯಲ್ಲಿ ಅದನ್ನು ನಿಂತು ನೋಡಿದ್ದೇನೆ. ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ಕಬ್ಬಿಣದ ಸ್ಟ್ಯಾಂಡಿಗೆ ತಲೆಕೆಳಗಾಗಿ ಕೂರಿಸಿದ್ದರು. ಅದರ ಬಾಯಿಂದ ಒಂದು ಪೈಪು, ಪೈಪಿನ ತುದಿಗೆ ಹಿತ್ತಾಳೆ ನಳಿಗೆ, ಕೆಳಗೆ ಗಿರಾಕಿಯ ಸಣ್ಣ ಸಿಲಿಂಡರ್. ದ್ರವ ಇಳಿಯುತ್ತಿದ್ದಂತೆ ನಳಿಗೆಯ ಮೇಲೆ ಬಿಳಿ ಮಂಜು ಕಟ್ಟಿತು, ಅಂಗಡಿ ತುಂಬ ವಾಸನೆ. ಮಾಲೀಕರು ಸಿಲಿಂಡರಿನ ಮೈ ಮುಟ್ಟಿ ನೋಡಿ ‘ಸಾಕು’ ಅಂದರು. ತಕ್ಕಡಿ ಮೂಲೆಯಲ್ಲೇ ಇತ್ತು, ಯಾರೂ ಬಳಸಲಿಲ್ಲ. ‘ಎಂತ ಆಗಲ್ಲ ಮಾರಾಯ್ರೆ, ಪೇಟೆಯವ್ರೆಲ್ಲ ಇಲ್ಲೇ ತುಂಬಿಸ್ಕೊಂಡು ಹೋಗೋದು’ ಎಂದು ನನಗೂ ಹೇಳಿದರು. ನಾನು ಕೈ ಮುಗಿದು ಬಂದೆ.

ಹೀಗೆ ಒಂದರಿಂದ ಇನ್ನೊಂದಕ್ಕೆ ಸುರಿಯುವುದು ಕಾನೂನುಬಾಹಿರ. ನನಗೆ ಅದಕ್ಕಿಂತ ದೊಡ್ಡ ಭಯ ಜಾಗದ್ದು. 14.2 ಕೆ.ಜಿ. ಸಿಲಿಂಡರಿನೊಳಗೆ ನೀರು ತುಂಬಿದರೆ 33.3 ಲೀಟರ್ ಹಿಡಿಯುತ್ತದೆ. ಅದಕ್ಕೆ ಹಾಕುವ ಗ್ಯಾಸು ದ್ರವರೂಪದಲ್ಲಿ ಸುಮಾರು 26 ಲೀಟರ್ ಮಾತ್ರ. ಉಳಿದ ಜಾಗವನ್ನು ಬೇಕೆಂದೇ ಬಿಡುತ್ತಾರೆ, ಬಿಸಿಲಿಗೆ ದ್ರವ ಹಿಗ್ಗುತ್ತದಲ್ಲ, ಅದಕ್ಕೆ. ಕೈಯಲ್ಲಿ ಮುಟ್ಟಿ ಅಂದಾಜಿಗೆ ತುಂಬಿದ ಸಿಲಿಂಡರಿನಲ್ಲಿ ಆ ಜಾಗ ಉಳಿದಿದೆಯೋ ಇಲ್ಲವೋ ಹೇಳುವವರು ಯಾರು? ಏಪ್ರಿಲ್ ಮಧ್ಯಾಹ್ನ ಗಾಜು ಏರಿಸಿದ ವ್ಯಾನಿನೊಳಗೆ ಮಕ್ಕಳು ಅದರ ಪಕ್ಕದಲ್ಲೇ ಮಲಗಿರುತ್ತಾರೆ.

ಹಾಗಾಗಿ ನಾನಿಟ್ಟುಕೊಂಡಿರುವುದು ತೈಲ ಕಂಪನಿಯದೇ 5 ಕೆ.ಜಿ. ಸಿಲಿಂಡರ್. ಇಂಡೇನ್‌ನವರು ಇದಕ್ಕೆ ಛೋಟು ಅಂತ ಹೆಸರಿಟ್ಟಿದ್ದಾರೆ, ಎಚ್‌ಪಿಯವರದು ಅಪ್ಪು. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಏಜೆನ್ಸಿಯಲ್ಲೂ ಕೆಲವು ಪೆಟ್ರೋಲ್ ಬಂಕುಗಳಲ್ಲೂ ಸಿಗುತ್ತದೆ. ಮೊದಲ ಸಲ ಸಿಲಿಂಡರಿಗೂ ದುಡ್ಡು ಕೊಡಬೇಕು, ಆಮೇಲೆ ಅದೇ ಕಂಪನಿಯ ಯಾವ ಮಾರಾಟದ ಜಾಗದಲ್ಲಾದರೂ ಖಾಲಿ ಕೊಟ್ಟು ಗ್ಯಾಸಿನ ಬೆಲೆ ಕೊಟ್ಟರಾಯಿತು. ಕೆ.ಜಿ. ಲೆಕ್ಕ ಹಿಡಿದರೆ ಮನೆ ಗ್ಯಾಸಿಗಿಂತ ತುಟ್ಟಿ, ಅದನ್ನು ಒಪ್ಪಿಕೊಂಡಿದ್ದೇನೆ. ಕೊಳ್ಳುವ ಮುಂಚೆ ನೀವು ಹೆಚ್ಚು ಓಡಾಡುವ ದಾರಿಯಲ್ಲಿ ಯಾವ ಕಂಪನಿಯ ಏಜೆನ್ಸಿ ಇದೆ, ಸಣ್ಣ ಸಿಲಿಂಡರ್ ದಾಸ್ತಾನು ಇಡುತ್ತಾರಾ ಅಂತ ಫೋನ್ ಮಾಡಿ ಕೇಳಿ. ಒಂದು ಕಂಪನಿಯ ಖಾಲಿ ಇನ್ನೊಂದು ಕಂಪನಿಯವರಿಗೆ ಬೇಡ. ಘಟ್ಟದ ಸಣ್ಣ ಊರುಗಳಲ್ಲಿ ಸಿಕ್ಕೀತು ಅಂದುಕೊಂಡು ಹೋಗುವುದಕ್ಕಿಂತ ಶಿವಮೊಗ್ಗದಲ್ಲೋ ಸಾಗರದಲ್ಲೋ ಬದಲಾಯಿಸಿಕೊಂಡೇ ಮುಂದೆ ಹೋಗುವುದು ನನ್ನ ರೂಢಿ.

ಇನ್ನು ತೂಕ. ಸಿಲಿಂಡರಿನ ಕುತ್ತಿಗೆಯ ಸುತ್ತ ಇರುವ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ. ಅದಕ್ಕೆ 5 ಸೇರಿಸಿದಷ್ಟು ತೂಗಬೇಕು. ಕೊಡುವವರ ಎದುರಿಗೇ ತೂಗಿಸಿ, ಅದು ನಮ್ಮ ಹಕ್ಕು, ಸಂಕೋಚ ಬೇಡ. ಅದೇ ಪಟ್ಟಿಗಳಲ್ಲಿ ಒಂದರ ಒಳಮೈಯಲ್ಲಿ ‘ಬಿ-27’ ಎಂಬಂಥ ಗುರುತಿರುತ್ತದೆ. ಎ ಅಂದರೆ ಮಾರ್ಚ್ ಕೊನೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ವರ್ಷದ ಆ ತಿಂಗಳೊಳಗೆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ಅವಧಿ ದಾಟಿದ್ದನ್ನು ಕೊಟ್ಟರೆ ಅಲ್ಲೇ ವಾಪಸ್ ಕೊಡಿ. ಸೀಲ್ ತೆಗೆದು ಒಳಗಿನ ರಬ್ಬರ್ ರಿಂಗ್ ಇದೆಯಾ ನೋಡಿ, ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿದ ಮೇಲೆಯೇ ನಾನು ಏಜೆನ್ಸಿ ಬಿಟ್ಟು ಹೊರಡುವುದು.

ಬದಲಾಯಿಸುವುದರಲ್ಲಿ ಇರುವ ನಿಜವಾದ ನಷ್ಟ, ತಳದಲ್ಲಿ ಉಳಿದ ಗ್ಯಾಸು. ಒಂದು ಕೆ.ಜಿ. ಉಳಿದಿದ್ದರೂ ಯಾರೂ ಕಳೆದು ಲೆಕ್ಕ ಹಾಕುವುದಿಲ್ಲ. ಅದಕ್ಕೆ ನಾನು ಮನೆಗೆ ಬಂದ ಕೂಡಲೇ ಅಡಿಕೆ ತೂಗುವ ಕೊಕ್ಕೆ ತಕ್ಕಡಿಗೆ ಸಿಲಿಂಡರ್ ನೇತುಹಾಕುತ್ತೇನೆ. ಒಂದು ಲೀಟರ್ ನೀರು ಕುದಿಯಲು ಹೆಚ್ಚುಕಡಿಮೆ 12 ಗ್ರಾಂ ಗ್ಯಾಸ್ ಸಾಕು. ನಮ್ಮ ಒಂಟಿ ಒಲೆ ಮಧ್ಯಮ ಉರಿಯಲ್ಲಿ ಗಂಟೆಗೆ 150 ಗ್ರಾಂ ಆಸುಪಾಸು ತಿನ್ನುತ್ತದೆ. ದಿನಕ್ಕೆ ಎರಡು ಗಂಟೆ ಉರಿಸಿದರೆ 300 ಗ್ರಾಂ, ಅಂದರೆ ಹೊಸ ಸಿಲಿಂಡರ್ ಎರಡು ವಾರ ದಾಟುತ್ತದೆ. ಉಳಿದದ್ದು ಮುಂದಿನ ಪ್ರಯಾಣಕ್ಕೆ ಸಾಲುವಂತಿದ್ದರೆ ಹಾಗೇ ಇಡುತ್ತೇವೆ. ಸಾಲದಿದ್ದರೆ ಹಿತ್ತಲಿನಲ್ಲಿ ಅದೇ ಒಲೆ ಹೂಡಿ ಮುಗಿಸುತ್ತೇವೆ. ಬೇಸಿಗೆಯಲ್ಲಾದರೆ ಹಪ್ಪಳಕ್ಕೆ ಹಲಸಿನ ತೊಳೆ ಬೇಯಿಸಲು ಸರಿಹೋಗುತ್ತದೆ. ಆಮೇಲೆ ಪೂರ್ತಿ ಖಾಲಿಯನ್ನೇ ಕೊಟ್ಟು ಬದಲಾಯಿಸುವುದು.

ತಳದ ಗ್ಯಾಸಿಗೆ ಇನ್ನೊಂದು ಗುಣವಿದೆ. ನಮ್ಮ ಅಡುಗೆ ಗ್ಯಾಸು ಪ್ರೊಪೇನ್ ಮತ್ತು ಬ್ಯೂಟೇನ್ ಬೆರಕೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಬ್ಯೂಟೇನ್ ಸೊನ್ನೆಯ ಹತ್ತಿರ. ಬೇಗ ಆವಿಯಾಗುವ ಪ್ರೊಪೇನ್ ಮೊದಲು ಖರ್ಚಾಗಿ ಕೊನೆಗೆ ಬ್ಯೂಟೇನ್ ಹೆಚ್ಚು ಉಳಿಯುತ್ತದೆ. ಕೆಮ್ಮಣ್ಣುಗುಂಡಿಯ ಡಿಸೆಂಬರ್ ಬೆಳಗಿನಲ್ಲಿ ಉರಿ ಸೊರಗುವುದು ಇದಕ್ಕೇ. ಆಗ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸಿಲಿಂಡರಿಗೆ ಸುತ್ತಿ. ಬೆಂಕಿಯ ಹತ್ತಿರ ಮಾತ್ರ ಒಯ್ಯಲೇಬೇಡಿ.

ಗಾಡಿಯಲ್ಲಿ ಇಡುವ ಬಗ್ಗೆಯೂ ಹೇಳಿಬಿಡುತ್ತೇನೆ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅಲ್ಲಾಡದಂತೆ ಎರಡು ಕಡೆ ಪಟ್ಟಿ ಬಿಗಿದಿರಬೇಕು, ರೆಗ್ಯುಲೇಟರ್ ಕಳಚಿ ಮುಚ್ಚಳ ಹಾಕಿರಬೇಕು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಅದಕ್ಕೇ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆದುಕೊಳ್ಳುವ ತೂತು ಮಾಡಿಸಿದ್ದೇನೆ. ಜುಲೈ ಮಳೆಯಲ್ಲಿ ಎಲ್ಲ ಗಾಜು ಏರಿಸಿ ಒಳಗೇ ಒಲೆ ಹಚ್ಚುವ ಆಸೆ ಬರುತ್ತದೆ. ಮುಚ್ಚಿದ ಗಾಡಿಯಲ್ಲಿ ಉರಿಯುವ ಒಲೆ ಕಾರ್ಬನ್ ಮೊನಾಕ್ಸೈಡ್ ಬಿಡಬಹುದು, ಅದಕ್ಕೆ ವಾಸನೆಯೇ ಇಲ್ಲ. ನಾವು ಹಿಂಬಾಗಿಲು ಎತ್ತಿ, ಟಾರ್ಪಾಲು ಕಟ್ಟಿ, ನೆನೆದರೂ ಪರವಾಗಿಲ್ಲವೆಂದು ಹೊರಗೇ ನಿಂತು ರೊಟ್ಟಿ ಸುಡುತ್ತೇವೆ. ಸೋರಿಕೆಯಾದರೆ ಕರೆ ಮಾಡಬೇಕಾದ ಸಂಖ್ಯೆ 1906. ಪೆಟ್ಟಿಗೆಯ ಮುಚ್ಚಳದ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ, ನಾನಿಲ್ಲದಿದ್ದಾಗ ಮನೆಯವರಿಗೂ ಕಾಣಲಿ ಅಂತ.