ಅಜ್ಜಿಯ ಪಿಂಚಣಿ ಪ್ರಶ್ನೆಯನ್ನು ವಿಧಾನಸೌಧದ ಒಳಗೆ ಕಳಿಸುವುದು ಹೇಗೆ

ನಮ್ಮ ವಠಾರದ ಅಜ್ಜಿಗೆ ಎಪ್ಪತ್ತೆರಡು ವರ್ಷ. ಮಲ್ಲೇಶ್ವರದಲ್ಲಿ ಹೂ ಕಟ್ಟಿ ಮಾರುತ್ತಿದ್ದವರು, ಈಗ ಮಂಡಿ ನೋವು ಅಂತ ಮನೆಯಲ್ಲೇ ಇದ್ದಾರೆ. ಒಂದು ದಿನ ಅವರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದು ನೋಡಿದರೆ, ತಿಂಗಳು ತಿಂಗಳು ಪಿಂಚಣಿ 1,200 ಅಂತ ಬರುತ್ತಿದ್ದ ಸಾಲು ಒಂದು ಕಡೆ ನಿಂತೇ ಹೋಗಿತ್ತು. ನಾಲ್ಕು ತಿಂಗಳಿಂದ ದುಡ್ಡು ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ತಾಲ್ಲೂಕು ಆಫೀಸಿಗೆ ಹೋಗಿ ಅಂದರು, ಅಲ್ಲಿ ಆಧಾರ್ ಸಮಸ್ಯೆ ಅಂದರು, ಆಧಾರ್ ಕೇಂದ್ರಕ್ಕೆ ಹೋದರೆ ಅಜ್ಜಿಯ ಬೆರಳಚ್ಚು ಕೂರಲಿಲ್ಲ. ನಲವತ್ತು ವರ್ಷ ಒದ್ದೆ ಬಾಳೆನಾರು ಎಳೆದ ಬೆರಳು, ಗೆರೆಯೆಲ್ಲ ಸವೆದಿದೆ. ಮೆಷಿನ್ ಮೇಲೆ ಒತ್ತಿ ಒತ್ತಿ ತುದಿ ಬಿಳಿಚಿಕೊಂಡಿತ್ತು.

ಅವರ ಕೆಲಸ ಕೊನೆಗೆ ಆಯ್ತು. ಆದರೆ ಹೀಗೆ ನಿಂತುಹೋದವರು ಬೆಂಗಳೂರಿನಲ್ಲಿ ಎಷ್ಟು ಜನ, ಅವರಿಗೆ ಅಂತ ಇಟ್ಟ ಹಣ ಏನಾಯ್ತು? ಇದನ್ನು ಮಂತ್ರಿಗಳ ಎದುರು ನಿಂತು ಕೇಳುವ ಹಕ್ಕು ಶಾಸಕರಿಗಿದೆ, ವಿರೋಧ ಪಕ್ಷದವರಿಗಂತೂ ಅದೇ ಮುಖ್ಯ ಕೆಲಸ. ಬಹಳ ಸಲ ಅವರು ಕೇಳಲು ತಯಾರಿರುತ್ತಾರೆ, ಕೈಯಲ್ಲಿ ಸರಿಯಾದ ಕಾಗದ ಇರುವುದಿಲ್ಲ ಅಷ್ಟೇ. ಆ ಕಾಗದ ತಯಾರು ಮಾಡುವುದು ಹೇಗೆ ಅಂತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮನೆಯ ಹಿರಿಯರ ಕೆಲಸ ಮಾಡಿಸಿಕೊಳ್ಳಿ. ಸದನದ ಉತ್ತರ ಬರುವ ತನಕ ಅವರು ಔಷಧಿಗೆ ಕಾಯಬಾರದು. ಪಿಂಚಣಿ ನಿಂತಿದ್ದರೆ ಬ್ಯಾಂಕಿನಲ್ಲಿ "ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆ" ಅಂತಲೇ ಕೇಳಿ. ಕೊನೆಯಲ್ಲಿ ಯಾವ ಖಾತೆಗೆ ಜೋಡಣೆ ಆಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ನಮ್ಮ ಅಜ್ಜಿಯದು ಯಾವಾಗಲೋ ಕ್ಯಾಂಪಿನಲ್ಲಿ ತೆರೆಸಿ ಮರೆತುಬಿಟ್ಟಿದ್ದ ಖಾತೆಗೆ ಜೋಡಣೆ ಆಗಿತ್ತು, ಆ ಖಾತೆ ನಿಷ್ಕ್ರಿಯವಾಗಿತ್ತು. ಬೆರಳಚ್ಚು ಕೂರದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಕೇಳಿ. ತಹಶೀಲ್ದಾರರಿಗೆ ಅರ್ಜಿ ಕೊಡಿ, ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಿರಿಯರಿಗಾಗಿಯೇ ಇರುವ ಸಹಾಯವಾಣಿ 14567. ಈ ಓಡಾಟದಲ್ಲಿ ಸಿಗುವ ಪ್ರತಿ ಚೀಟಿಯನ್ನೂ ಇಟ್ಟುಕೊಳ್ಳಿ, ಮುಂದೆ ಅವೇ ಸಾಕ್ಷಿ.

ಆಮೇಲೆ ಇಲಾಖೆ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಇಲ್ಲಿ ಎಡವಿದರೆ ಎಲ್ಲ ಕೆಲಸ ವ್ಯರ್ಥ. ಹಿರಿಯರಿಗೆ ಸಿಗುವ ಪಿಂಚಣಿ ಯೋಜನೆಗಳಾದ ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ ಎರಡೂ ಕಂದಾಯ ಇಲಾಖೆಗೆ ಸೇರಿದ್ದು, ಅದರ ಕೆಳಗಿನ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯ ನೋಡಿಕೊಳ್ಳುತ್ತದೆ. ವೃದ್ಧಾಶ್ರಮ, ಸಹಾಯವಾಣಿ, ಹಿರಿಯ ನಾಗರಿಕರ ಗುರುತಿನ ಚೀಟಿ ಇವು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರಿದ್ದು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದರೆ "ಈ ವಿಷಯ ನಮ್ಮ ಇಲಾಖೆಗೆ ಸಂಬಂಧಿಸಿಲ್ಲ" ಅನ್ನಲು ನಾವೇ ದಾರಿ ಮಾಡಿಕೊಟ್ಟ ಹಾಗೆ.

ಈಗ ದುಡ್ಡಿನ ಲೆಕ್ಕ. 2025-26ರ ರಾಜ್ಯ ಬಜೆಟ್ಟಿನ ಗಾತ್ರ ಸುಮಾರು 4.09 ಲಕ್ಷ ಕೋಟಿ ರೂಪಾಯಿ. ಆ ಸಂಖ್ಯೆ ಹಿಡಿದುಕೊಂಡು ಏನೂ ಮಾಡಲಾಗದು. ಹಣಕಾಸು ಇಲಾಖೆಯ ಜಾಲತಾಣದಲ್ಲಿ ಬಜೆಟ್ ಸಂಪುಟಗಳು ಸಿಗುತ್ತವೆ, ಅದರಲ್ಲಿ 2235 ಅನ್ನೋ ಲೆಕ್ಕ ಶೀರ್ಷಿಕೆ ಹುಡುಕಿ. ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಖರ್ಚು ಅದರ ಕೆಳಗೆ ಬರುತ್ತದೆ. ಪ್ರತಿ ಸಾಲಿನಲ್ಲೂ ಮುಗಿದ ವರ್ಷದ ನಿಜವಾದ ಲೆಕ್ಕ, ನಡೆಯುತ್ತಿರುವ ವರ್ಷದ ಅಂದಾಜು, ಅದರ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತವೆ. ಭಾಷಣದಲ್ಲಿ ಹೇಳುವುದು ಅಂದಾಜನ್ನು. ನೀವು ಒಂದು ವರ್ಷಕ್ಕೆ ಘೋಷಿಸಿದ ಮೊತ್ತವನ್ನೂ, ಅದೇ ವರ್ಷಕ್ಕೆ ಎರಡು ವರ್ಷ ಆದಮೇಲೆ ಬಂದ ನಿಜ ಲೆಕ್ಕವನ್ನೂ ಪಕ್ಕ ಪಕ್ಕ ಬರೆದುಕೊಳ್ಳಿ. ಎರಡು ಸಂಪುಟ ತೆಗೆಯಬೇಕಾಗುತ್ತದೆ, ಒಂದು ಸಂಜೆಯ ಕೆಲಸ. ಘೋಷಣೆಗೂ ಖರ್ಚಿಗೂ ದೊಡ್ಡ ಅಂತರ ಕಂಡರೆ ನಿಮ್ಮ ಪ್ರಶ್ನೆಯ ಅರ್ಧ ಭಾಗ ಅಲ್ಲೇ ಸಿಕ್ಕಿತು.

ಬಜೆಟ್ ಪುಸ್ತಕದಲ್ಲಿ ಇಲ್ಲದ್ದು ಅಂದರೆ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಜನರ ಪಿಂಚಣಿ ತಡೆಹಿಡಿದಿದ್ದಾರೆ, ಯಾವ ಕಾರಣಕ್ಕೆ ಅನ್ನೋದು. ಅದಕ್ಕೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು, ಬರದಿದ್ದರೆ ಮೊದಲ ಮೇಲ್ಮನವಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಕಷ್ಟ ಸುಖ ಬರೆಯಲು ಅಲ್ಲಿ ಜಾಗವಿಲ್ಲ, ಅಂಕಿ ಮಾತ್ರ ಕೇಳಿ.

ಯಾರ ಹತ್ತಿರ ಹೋಗಬೇಕು? ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಹಾಗಾಗಿ ನಮ್ಮ ಊರಿನಲ್ಲಿ ಎಲ್ಲದಕ್ಕೂ ಜನ ಶಾಸಕರ ಮನೆ ಬಾಗಿಲಿಗೇ ಹೋಗುವುದು ರೂಢಿಯಾಗಿದೆ. ನಿಮ್ಮ ಕ್ಷೇತ್ರದ ಶಾಸಕರು ಆಡಳಿತ ಪಕ್ಷದವರಾಗಿದ್ದರೂ ಪ್ರಶ್ನೆ ಕೇಳಬಹುದು, ಒಂದು ಸಲ ಕೊಟ್ಟು ನೋಡಿ. ಇಲ್ಲದಿದ್ದರೆ ವಿರೋಧ ಪಕ್ಷದ ವಿಧಾನ ಪರಿಷತ್ ಸದಸ್ಯರನ್ನು ಹಿಡಿಯಿರಿ, ಪದವೀಧರ ಮತ್ತು ಶಿಕ್ಷಕರ ಕ್ಷೇತ್ರದಿಂದ ಬಂದವರನ್ನೂ ಕೇಳಬಹುದು. ಬೆಳಿಗ್ಗೆ ಬೇಗ ಹೋಗಿ, ಮೊದಲು ಆಪ್ತ ಸಹಾಯಕರಿಗೆ ಕಾಗದ ಕೊಡಿ. ಪ್ರಶ್ನೆಗಳನ್ನು ಸದನದ ಸಚಿವಾಲಯಕ್ಕೆ ಕಳಿಸುವುದು ಸಾಮಾನ್ಯವಾಗಿ ಅವರೇ. ಅಧಿವೇಶನ ಶುರುವಾದ ಮೇಲೆ ಓಡಿದರೆ ತಡವಾಯ್ತು ಅಂತಲೇ ಲೆಕ್ಕ, ದಿನಾಂಕ ಪ್ರಕಟವಾದ ತಕ್ಷಣ ಹೋಗಿ.

ಕಾಗದ ಒಂದೇ ಪುಟ ಇರಲಿ, ಕನ್ನಡದಲ್ಲಿ ಇರಲಿ. ಮೇಲೆ ಅಜ್ಜಿಯ ವಿಷಯ ನಾಲ್ಕು ಸಾಲು, ಮಧ್ಯೆ ಪ್ರಶ್ನೆ, ಕೆಳಗೆ ನೀವು ಹುಡುಕಿದ ಎರಡು ಮೂರು ಅಂಕಿ. ಜೊತೆಗೆ ಮಂಜೂರಾತಿ ಆದೇಶ ಮತ್ತು ಪಾಸ್‌ಬುಕ್ಕಿನ ಆ ಪುಟದ ಜೆರಾಕ್ಸ್. ಆಧಾರ್ ಸಂಖ್ಯೆ, ಖಾತೆ ಸಂಖ್ಯೆಗಳನ್ನು ಪೆನ್ನಿನಿಂದ ಮುಚ್ಚಿಬಿಡಿ. ಅಜ್ಜಿಯನ್ನು ಕೇಳದೆ ಅವರ ಹೆಸರು, ಫೋಟೋ ಯಾರಿಗೂ ಕೊಡಬೇಡಿ. ಫೋಟೋ ಹೊರಗೆ ಬಂದ ಮೇಲೆ ಬೀದಿಯಲ್ಲಿ ಎಲ್ಲರಿಗೂ ಉತ್ತರ ಹೇಳಬೇಕಾದವರು ಅವರು.

ಪ್ರಶ್ನೆ ಬರೆಯುವುದೇ ಇದರಲ್ಲಿ ಕಷ್ಟದ ಕೆಲಸ. ನಾನು ಮೊದಲು ಬರೆದದ್ದು "ಹಿರಿಯರಿಗೆ ಪಿಂಚಣಿ ಸರಿಯಾಗಿ ಬರುತ್ತಿಲ್ಲ ಎಂಬುದು ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತ. ಅನುಭವ ಇದ್ದ ಒಬ್ಬರು ಓದಿ, ಇದಕ್ಕೆ "ಇಲ್ಲ" ಅಂತ ಬರುತ್ತದೆ, ಮುಂದಿನದಕ್ಕೆಲ್ಲ "ಉದ್ಭವಿಸುವುದಿಲ್ಲ" ಅಂತ ಬರುತ್ತದೆ ಅಂದರು. ನಿಜ. ಹೌದು ಇಲ್ಲ ಅನ್ನುವ ಪ್ರಶ್ನೆಯಿಂದ ಶುರು ಮಾಡಲೇಬೇಡಿ, ಸಂಖ್ಯೆಯಿಂದ ಶುರು ಮಾಡಿ. ಹೀಗೆ:

"ಮಾನ್ಯ ಕಂದಾಯ ಸಚಿವರು, (ಅ) ಬೆಂಗಳೂರು ನಗರ ಜಿಲ್ಲೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಸಂಧ್ಯಾ ಸುರಕ್ಷಾ ಮತ್ತು ವೃದ್ಧಾಪ್ಯ ವೇತನ ಪಡೆದವರ ಸಂಖ್ಯೆ ಎಷ್ಟು, (ತಾಲ್ಲೂಕುವಾರು ವಿವರ ನೀಡುವುದು) (ಆ) ಇದೇ ಅವಧಿಯಲ್ಲಿ ಪಾವತಿ ನಿಂತವರ ಸಂಖ್ಯೆ ಎಷ್ಟು, (ಕಾರಣವಾರು ವಿವರ ನೀಡುವುದು) (ಇ) ಇದಕ್ಕಾಗಿ ನಿಗದಿಯಾದ, ಬಿಡುಗಡೆಯಾದ ಹಾಗೂ ಖರ್ಚಾದ ಅನುದಾನ ಎಷ್ಟು, (ಈ) ಪಾವತಿ ಮತ್ತೆ ಶುರುವಾದವರಲ್ಲಿ ಎಷ್ಟು ಜನರಿಗೆ ಹಿಂಬಾಕಿ ನೀಡಲಾಗಿದೆ?"

ನಿಗದಿ, ಬಿಡುಗಡೆ, ಖರ್ಚು ಈ ಮೂರೂ ಬೇರೆ ಬೇರೆ. ಒಂದನ್ನೇ ಕೇಳಿದರೆ ಇದ್ದುದರಲ್ಲಿ ದೊಡ್ಡದನ್ನು ಕೊಡುತ್ತಾರೆ. (ಈ) ಭಾಗ ನನಗೆ ತುಂಬ ಮುಖ್ಯ, ಯಾಕೆಂದರೆ ಅಜ್ಜಿಗೆ ಪಿಂಚಣಿ ಮತ್ತೆ ಶುರುವಾಯ್ತು, ಆ ನಾಲ್ಕು ತಿಂಗಳ 4,800 ರೂಪಾಯಿ ಮಾತ್ರ ಬರಲೇ ಇಲ್ಲ.

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಸದನದಲ್ಲಿ ಬಾಯಿ ಮಾತಿನಲ್ಲಿ ಉತ್ತರಿಸಬೇಕು, ಶಾಸಕರು ಎದ್ದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದಲ್ಲಿ ಉತ್ತರ ಬರುತ್ತದೆ. ತಾಲ್ಲೂಕುವಾರು ಪಟ್ಟಿ ಬೇಕಿದ್ದರೆ ಎರಡನೆಯದೇ ಸಾಕು. ಆ ಪಟ್ಟಿ ಕೈಗೆ ಬಂದ ಮೇಲೆ ಬಜೆಟ್ ಚರ್ಚೆಯಲ್ಲೋ, ತುರ್ತು ವಿಷಯ ಎತ್ತುವ ಶೂನ್ಯ ವೇಳೆಯಲ್ಲೋ ಮಾತಾಡಿ ಅಂತ ಕೇಳಿಕೊಳ್ಳಬಹುದು.

ಶಾಸಕರಿಗೆ ಎದುರಿನಿಂದ ಬರುವ ಏಟನ್ನೂ ಮೊದಲೇ ತಿಳಿಸಿಡಿ. ವಿರೋಧ ಪಕ್ಷದವರು ಬಾಯಿ ತೆಗೆದ ಕೂಡಲೇ "ನೀವು ಅಧಿಕಾರದಲ್ಲಿದ್ದಾಗ ಏನು ಮಾಡಿದಿರಿ" ಅನ್ನುತ್ತಾರೆ, ಗಲಾಟೆ ಶುರುವಾಗುತ್ತದೆ, ಅಜ್ಜಿ ಮರೆತುಹೋಗುತ್ತಾರೆ. ಅದಕ್ಕೇ ಎಲ್ಲರ ಲೆಕ್ಕವನ್ನೂ ಕಾಗದದಲ್ಲಿ ಬರೆದುಕೊಡಿ. ಸಂಧ್ಯಾ ಸುರಕ್ಷಾ 2007ರಲ್ಲಿ ಶುರುವಾದದ್ದು, 2021ರಲ್ಲಿ 1,000ದಿಂದ 1,200 ಆಯ್ತು. 1,200 ಅಂದರೆ ದಿನಕ್ಕೆ 40 ರೂಪಾಯಿ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಆ 200 ಅನ್ನೋದು 2007ಕ್ಕೂ ಮುಂಚಿನದು. ಅಂದಿನಿಂದ ದೆಹಲಿಯಲ್ಲಿ ಎರಡೂ ಕಡೆಯವರು ಆಳಿದ್ದಾರೆ. ಇದನ್ನು ತಾನೇ ಮೊದಲು ಒಪ್ಪಿಕೊಂಡು ಮಾತು ಶುರು ಮಾಡುವ ಶಾಸಕರನ್ನು ಸುಮ್ನೆ ಕೂರಿಸುವುದು ಕಷ್ಟ.

ಶಾಸಕರು ಇನ್ನೊಂದು ಕಡೆ ಜಾರುತ್ತಾರೆ. ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಕಲಂ ಜಿಲ್ಲೆಗೊಂದಾದರೂ, ಕನಿಷ್ಠ 150 ಬಡ ಹಿರಿಯರಿಗೆ ಸಾಲುವಷ್ಟು ವೃದ್ಧಾಶ್ರಮದ ಮಾತಾಡುತ್ತದೆ. ಆದರೆ ಅಲ್ಲಿರುವ ಪದ ಸರ್ಕಾರ "ಸ್ಥಾಪಿಸಬಹುದು" ಅಂತ. "ಕಾನೂನು ಕಡ್ಡಾಯ ಮಾಡಿದೆ" ಅಂತ ಶಾಸಕರು ಅಬ್ಬರಿಸಿದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. "ಕಾಯ್ದೆ ಬಂದು ಇಷ್ಟು ವರ್ಷ ಆಯ್ತು, ಈ ಜಿಲ್ಲೆಯಲ್ಲಿ ಸರ್ಕಾರದ ಖರ್ಚಿನಲ್ಲಿ ಎಷ್ಟು ಹಾಸಿಗೆ ಇವೆ" ಅಂತ ಕೇಳಿದರೆ ಸಂಖ್ಯೆ ಹೇಳಲೇಬೇಕಾಗುತ್ತದೆ. ಇದು ಬೇರೆ ಇಲಾಖೆ, ಬೇರೆ ಪ್ರಶ್ನೆ, ನೆನಪಿರಲಿ.

ಉತ್ತರ ಬಂದ ದಿನ ವಿಧಾನಮಂಡಲದ ಜಾಲತಾಣದಿಂದ ಅದನ್ನು ಇಳಿಸಿಕೊಳ್ಳಿ. "ಅನುಬಂಧದಲ್ಲಿ ಒದಗಿಸಿದೆ" ಅಂದಿದ್ದರೆ ಅನುಬಂಧವನ್ನೂ ತೆಗೆಯಿರಿ, ವಿಷಯ ಇರುವುದು ಅಲ್ಲೇ. "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂದಿದ್ದರೆ ದಿನಾಂಕ ಗುರುತು ಹಾಕಿಕೊಂಡು ಶಾಸಕರ ಆಪ್ತ ಸಹಾಯಕರಿಗೆ ತಿಂಗಳಿಗೊಂದು ಸಲ ನೆನಪಿಸಿ. ಮಂತ್ರಿಗಳು ಸದನದಲ್ಲಿ "ಹಿಂಬಾಕಿ ಕೊಡಿಸುತ್ತೇವೆ" ಅಂತ ಮಾತು ಕೊಟ್ಟಿದ್ದರೆ ಅದು ಭರವಸೆ ಅಂತ ಲೆಕ್ಕಕ್ಕೆ ಬರುತ್ತದೆ. ಈಡೇರಿತೋ ಇಲ್ಲವೋ ಅಂತ ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ, ಅಲ್ಲಿ ವಿಚಾರಿಸಲು ಶಾಸಕರನ್ನು ಕೇಳಿ. ಉತ್ತರದ ಎರಡು ಪ್ರತಿ ತೆಗೆಸಿ. ಒಂದನ್ನು ಹಿಂಬಾಕಿ ಕೇಳುವ ಅರ್ಜಿಯ ಜೊತೆ ತಹಶೀಲ್ದಾರ್ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಅಜ್ಜಿಯ ಪಾಸ್‌ಬುಕ್ಕಿನೊಳಗೆ ಇಡಿ.