ಮೀಡಿಯಂ ವೇವ್ ಸ್ಟೇಷನ್ ಸೊರಗ್ತಾ ಉಂಟಾ? ಕಾಸರಗೋಡಿನ ಕನ್ನಡದವ್ರು ಮಾಡ್ಬಹುದಾದ ಕೆಲಸ ಇದು

ನಮ್ಮ ಕಡೆ ಸಂಘದಲ್ಲಿ ರೇಡಿಯೋ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು ಕೇಳಿಯೇ ಕೇಳ್ತಾರೆ, ಮಂಗಳೂರು ಆಕಾಶವಾಣಿಯ ಎಎಂ (ಅಂದ್ರೆ ಮೀಡಿಯಂ ವೇವ್) ಸ್ಟೇಷನ್ ಹೀಗೆ ಸೊರಗುದನ್ನ ನೋಡ್ತಾ ಕೂತ್ಕೊಳ್ಳುದು ಯಾಕೆ, ನಾವೇ ಒಟ್ಟಾಗಿ ದುಡ್ಡು ಹಾಕಿ ಅದನ್ನ ವಹಿಸ್ಕೊಂಡ್ರೆ ಆಗುದಿಲ್ವಾ ಅಂತ. ಆಗುದಿಲ್ಲ. ನಮ್ಮ ದೇಶದಲ್ಲಿ ಎಎಂ ಪ್ರಸಾರ ಇರುದು ಆಕಾಶವಾಣಿ ಕೈಲಿ, ಆಕಾಶವಾಣಿ ಇರುದು ಪ್ರಸಾರ ಭಾರತಿ ಕೈಲಿ (ಕಾಯ್ದೆ 1990ರದ್ದು, ಸಂಸ್ಥೆ ಶುರುವಾದ್ದು 1997ರ ನವೆಂಬರಲ್ಲಿ), ಖಾಸಗಿಯವ್ರಿಗೆ ಬಿಟ್ಟುಕೊಟ್ಟದ್ದು ಎಫ್‌ಎಂ ಮಾತ್ರ. ಆದ್ರೆ ಕೊಳ್ಳಿಕ್ಕೆ ಆಗದಿದ್ರೂ ಕೇಳುಗರು ಮಾಡ್ಲಿಕ್ಕೆ ಬೇಕಾದಷ್ಟು ಉಂಟು.

ಮೊದ್ಲು ತೊಂದ್ರೆ ಸ್ಟೇಷನ್ನಿಂದಾ ನಮ್ಮ ಮನೆಯಿಂದಾ ಅಂತ ತಿಳ್ಕೊಳ್ಳಿ. ಬ್ಯಾಟರಿ ರೇಡಿಯೋ ಹಿಡ್ಕೊಂಡು ಮನೆಯ ಮೈನ್ ಸ್ವಿಚ್ ಆಫ್ ಮಾಡಿ ನೋಡಿ. ಗರಗರ ಕೂಡ್ಲೇ ನಿಂತ್ರೆ ತಪ್ಪು ನಿಮ್ಮ ಎಲ್‌ಇಡಿ ಬಲ್ಬಿನದ್ದೋ, ಮೊಬೈಲ್ ಚಾರ್ಜರಿನದ್ದೋ, ಇನ್ವರ್ಟರಿನದ್ದೋ, ಅವುಗಳ ಒಳಗಿನ ಸರ್ಕ್ಯೂಟ್ ಮೀಡಿಯಂ ವೇವ್ ಮೇಲೆ ಬಂದು ಕೂತ್ಕೊಳ್ತದೆ. ನಿಲ್ಲದಿದ್ರೆ ಅಂಗಳಕ್ಕೆ ಬನ್ನಿ, ಸೆಟ್ಟನ್ನ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ, ಯಾಕಂದ್ರೆ ಎಎಂಗೆ ಏರಿಯಲ್ ಹೇಳಿದ್ರೆ ಮೇಲೆ ಎಳೆಯುವ ಕಡ್ಡಿ ಅಲ್ಲ, ಒಳಗಿರುವ ಫೆರೈಟ್ ರಾಡ್ (ತಂತಿ ಸುತ್ತಿದ ಕಪ್ಪು ಕಡ್ಡಿ), ಅದು ಸ್ಟೇಷನ್ ಇರುವ ದಿಕ್ಕಿಗೆ ಅಡ್ಡ ಬಂದಾಗ ಚಂದ ಕೇಳ್ತದೆ. ಈ ಪರೀಕ್ಷೆ ಹಗಲು ಮಾಡ್ಬೇಕು. ರಾತ್ರಿ ಆಕಾಶದ ಮೇಲಿನ ಪದರಕ್ಕೆ ಬಡಿದು ದೂರದೂರದ ಸ್ಟೇಷನ್‌ಗಳು ಅದೇ ಜಾಗಕ್ಕೆ ಬಂದು ಬೀಳ್ತವೆ, ಆಗ ಯಾವುದು ಎಷ್ಟು ವೀಕು ಅಂತ ಗೊತ್ತಾಗುದಿಲ್ಲ.

ಮಂಗಳೂರು ಆಕಾಶವಾಣಿಗೆ ಮೀಡಿಯಂ ವೇವಲ್ಲಿ ಸಿಕ್ಕಿದ ಜಾಗ 1089 ಕಿಲೋಹರ್ಟ್ಸ್, ಟ್ರಾನ್ಸ್‌ಮಿಟರ್ ಹಾಕಿದ್ದು ಬ್ರಹ್ಮಾವರದಲ್ಲಿ, 20 ಕಿಲೋವ್ಯಾಟಿಂದು. ಎಫ್‌ಎಂ ಬೇರೆ, ಅದು 100.3. ಉಪ್ಪುನೀರಿನ ಮೇಲೆ ಮೀಡಿಯಂ ವೇವ್ ಬಹಳ ಸಲೀಸಾಗಿ ಹೋಗ್ತದೆ, ಒಣ ಮುರಕಲ್ಲಿನ ನೆಲದಲ್ಲಿ ಬೇಗ ಸೊರಗ್ತದೆ, ಹಾಗಾಗಿ ಮಂಜೇಶ್ವರ, ಕುಂಬ್ಳೆಯ ಕಡಲ ಬದಿಯವ್ರಿಗೂ ಪೆರ್ಲ, ಮುಳ್ಳೇರಿಯದ ಗುಡ್ಡೆ ಬದಿಯವ್ರಿಗೂ ಒಂದೇ ಥರ ಕೇಳ್ಬೇಕು ಅಂತ ಇಲ್ಲ. ಅದಕ್ಕೇ ಆಕಾಶವಾಣಿಗೆ ಒಬ್ರೇ ದೂರು ಕೊಡ್ಬೇಡಿ. ಬೇರೆ ಬೇರೆ ಊರಿನ ನಾಲ್ಕಾರು ಜನ ಒಂದೇ ಹೊತ್ತಿಗೆ ಕೇಳಿ ತಾರೀಕು, ಗಂಟೆ, ಜಾಗ, ದನಿ ಹೇಗಿತ್ತು ಅಂತ ಬರ್ದಿಡಿ, ಮೊಬೈಲಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ. "ಈಚೆಗೆ ಸರಿ ಕೇಳುದಿಲ್ಲ" ಅಂತ ಬರ್ದ್ರೆ ಓದುವ ಇಂಜಿನಿಯರಿಗೆ ಎಂಥ ಮಾಡ್ಲಿಕ್ಕೆ ಆಗ್ತದೆ ಹೇಳಿ.

ದೂರಿಗೆ ಉತ್ತರ ಬರದಿದ್ರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಫೀಸು 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡ್ಬೇಕು, ಕೇಂದ್ರದ ಆರ್‌ಟಿಐ ಪೋರ್ಟಲಲ್ಲೇ ಪ್ರಸಾರ ಭಾರತಿಗೆ ಹಾಕ್ಬಹುದು. "ಯಾಕೆ ಹೀಗೆ ಮಾಡ್ತೀರಿ" ಅಂತ ಕೇಳಿದ್ರೆ ಪ್ರಯೋಜನ ಇಲ್ಲ, ಕಡತದಲ್ಲಿ ಇರುವಂಥದ್ದನ್ನ ಕೇಳಿ: ಟ್ರಾನ್ಸ್‌ಮಿಟರ್ ಈಗ ಎಷ್ಟು ಪವರಲ್ಲಿ ಓಡ್ತಾ ಉಂಟು, ಕಳೆದ ವರ್ಷ ಎಷ್ಟು ಗಂಟೆ ಬಂದ್ ಇತ್ತು, ಕರೆಂಟ್ ಬಿಲ್ ಎಷ್ಟು, ಮಂಜೂರಾದ ಹುದ್ದೆ ಎಷ್ಟು ಖಾಲಿ ಎಷ್ಟು, ಮುಚ್ಚುವ ಪ್ರಸ್ತಾಪ ಏನಾದ್ರೂ ಉಂಟಾ. ಉತ್ತರ ಕೈಯಲ್ಲಿಟ್ಟುಕೊಂಡು ಸಂಸದರ ಹತ್ರ ಹೋಗಿ, ಆಗ ಮಾತಿಗೆ ತೂಕ ಬರ್ತದೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ ಮೇಲೂ ಗಡಿ ಲೆಕ್ಕಿಸದೆ ಮನೆ ಒಳಗೆ ಬಂದ ಕನ್ನಡ ಈ ರೇಡಿಯೋದ್ದು, ತುಳು ಕೊಂಕಣಿ ಕಾರ್ಯಕ್ರಮ, ಯಕ್ಷಗಾನ ಎಲ್ಲ ಅದರಲ್ಲೇ, ಇದನ್ನ ಸಂಸದರಿಗೆ ಕೊಡುವ ಅರ್ಜಿಯಲ್ಲಿ ಗಟ್ಟಿಯಾಗಿ ಬರೀರಿ.

ಎಎಂ ಸ್ಟೇಷನ್ ಯಾಕೆ ಇಷ್ಟು ಕಷ್ಟಕ್ಕೆ ಬೀಳ್ತದೆ ಅಂದ್ರೆ, ಅದರಲ್ಲಿ ಟವರಿನ ಮೇಲೆ ಏರಿಯಲ್ ಇರುದಿಲ್ಲ, ಇಡೀ ಟವರೇ ಏರಿಯಲ್. 1089ರ ಅಲೆ ಸುಮಾರು 275 ಮೀಟರ್ ಉದ್ದ, ಅದರ ಕಾಲು ಭಾಗ ಹೇಳಿದ್ರೂ 69 ಮೀಟರ್ ಕಂಬ ಬೇಕು, ಬುಡದಲ್ಲಿ ಇನ್ಸುಲೇಟರ್, ಅದರ ಸುತ್ತ ನೆಲದೊಳಗೆ ತಾಮ್ರದ ತಂತಿ ನೂರಕ್ಕೂ ಮೇಲೆ ಹರಡಿರ್ಬೇಕು. ಅಂದ್ರೆ ಎಕರೆಗಟ್ಟಲೆ ಜಾಗ ಖಾಲಿ ಇಟ್ಟು ಕಾಯ್ಬೇಕು, ಕಡಲ ಉಪ್ಪುಗಾಳಿಗೆ ಬಣ್ಣ ಬಳೀತಾನೇ ಇರ್ಬೇಕು, ಕೇಳುವವ್ರು ಹತ್ತು ಜನ ಇದ್ರೂ ಹತ್ತು ಲಕ್ಷ ಇದ್ರೂ ಕರೆಂಟ್ ಬಿಲ್ ಅಷ್ಟೇ.

ಖಾಸಗಿಯವ್ರ ಕೈಲಿದ್ರೆ ಉಳೀತದೆ ಅಂತ ತಿಳ್ಕೊಳ್ಬೇಡಿ. ಅಮೆರಿಕದಲ್ಲಿ ಹೆಚ್ಚಿನ ಎಎಂ ಸ್ಟೇಷನ್‌ಗಳು ಖಾಸಗಿ, ಮಾರ್ಬಹುದು ಕೊಳ್ಬಹುದು, ಅಲ್ಲಿ ಎಷ್ಟೋ ಕಡೆ ಸ್ಟೇಷನ್ನಿಗಿಂತ ಟವರ್ ನಿಂತ ಜಾಗಕ್ಕೇ ಬೆಲೆ ಜಾಸ್ತಿ ಆಗಿ ಮಾಲಿಕರು ಜಾಗ ಮಾರಿಬಿಟ್ರು. ಅಲ್ಲಿನ ಕಾನೂನಲ್ಲಿ 12 ತಿಂಗಳು ಒಂದೇ ಸಮನೆ ಪ್ರಸಾರ ನಿಂತ್ರೆ ಲೈಸೆನ್ಸೇ ಹೋಗ್ತದೆ. ನಮ್ಮಲ್ಲೂ ಖಾಸಗಿ ಪ್ರಯತ್ನ ಒಂದು ಇತ್ತು, 1935ರಲ್ಲಿ ಮೈಸೂರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಆಕಾಶವಾಣಿ ಹೇಳುವ ಸ್ವಂತ ಸ್ಟೇಷನ್ ಶುರು ಮಾಡಿದ್ರು, ಕೈಯಿಂದ ದುಡ್ಡು ಹಾಕಿ ನಡೆಸಿದ್ರು, ಅಂಥವ್ರೂ ಕೊನೆಗೆ ಅದನ್ನ ಸಂಸ್ಥಾನಕ್ಕೆ ಒಪ್ಪಿಸ್ಬೇಕಾಯ್ತು. ತಿಂಗಳ ಖರ್ಚು ಹೊರುವವ್ರು ಯಾರು ಅಂತ ತೀರ್ಮಾನ ಆಗದೆ ರೇಡಿಯೋ ನಿಲ್ಲುದಿಲ್ಲ, ನಾನು ಇದನ್ನೇ ಎಲ್ಲರ ಹತ್ರ ಹೇಳುದು.

ಇಷ್ಟಾಗಿಯೂ ಸ್ವಂತ ರೇಡಿಯೋ ಬೇಕೇ ಬೇಕು ಅಂತಾದ್ರೆ ದಾರಿ ಕಮ್ಯುನಿಟಿ ರೇಡಿಯೋ, ಅಂದ್ರೆ ಊರಿನ ಸಂಘ ಸಂಸ್ಥೆಗಳೇ ನಡೆಸುವ ಸಣ್ಣ ಸ್ಟೇಷನ್, ಅದು ಎಫ್‌ಎಂ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಕೊಟ್ರು, 2006ರಲ್ಲಿ ಸಂಘ ಸಂಸ್ಥೆಗಳಿಗೂ ಬಿಟ್ರು. ಒಬ್ಬ ವ್ಯಕ್ತಿಗೆ, ರಾಜಕೀಯ ಪಕ್ಷಕ್ಕೆ, ಲಾಭದ ಕಂಪನಿಗೆ ಸಿಗುದಿಲ್ಲ, ಅರ್ಜಿ ಕೇಂದ್ರದ ವಾರ್ತಾ ಪ್ರಸಾರ ಇಲಾಖೆಯ ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲಲ್ಲಿ. ಪವರ್ 100 ವ್ಯಾಟ್, ಕಂಬ 30 ಮೀಟರ್, ಹೆಚ್ಚಂದ್ರೆ ಹತ್ತು ಕಿಲೋಮೀಟರ್ ಹೋದೀತು, ಗುಡ್ಡೆ ಅಡ್ಡ ಬಂದ್ರೆ ಅದೂ ಇಲ್ಲ. ಹಾಗಂತ ತುತ್ತತುದಿ ಗುಡ್ಡೆ ಹುಡುಕ್ಲಿಕ್ಕೆ ಹೋಗ್ಬೇಡಿ, ಮುರಕಲ್ಲಲ್ಲಿ ಅರ್ಥಿಂಗ್ ಸಿಗುದು ಕಷ್ಟ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಸಾಮಾನೆಲ್ಲ ಸುಟ್ಟುಹೋದೀತು, ಅರ್ಥಿಂಗಿಗೆ ದುಡ್ಡು ಉಳಿಸ್ಲೇಬೇಡಿ. ನಿಮ್ಮದೇ ವಾರ್ತೆ ಓದ್ಲಿಕ್ಕಿಲ್ಲ, ಆಕಾಶವಾಣಿ ವಾರ್ತೆಯನ್ನ ಇದ್ದ ಹಾಗೆ ಹಾಕ್ಬಹುದು, ಅಡಿಕೆ ರೇಟು, ಕರೆಂಟ್ ಕಟ್, ಮಳೆ ಸೂಚನೆ ಹೇಳ್ಲಿಕ್ಕೆ ಅಡ್ಡಿ ಇಲ್ಲ. ಅರ್ಧದಷ್ಟಾದ್ರೂ ಕಾರ್ಯಕ್ರಮ ಊರವ್ರದ್ದೇ ಆಗಿರ್ಬೇಕು, ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಒಂದೇ ಬಸ್ಸಲ್ಲಿ ಕೇಳುವ ನಮ್ಮ ಊರಿಗೆ ಅದು ಕಷ್ಟವೇ ಅಲ್ಲ.

ದುಡ್ಡಿನ ಮಾತು. 2024ರ ನಿಯಮದಲ್ಲಿ ಜಾಹೀರಾತು ಗಂಟೆಗೆ 12 ನಿಮಿಷ, ಸರಕಾರಿ ಜಾಹೀರಾತಿನ ರೇಟು 10 ಸೆಕೆಂಡಿಗೆ 74 ರೂಪಾಯಿ. ನಿಮಿಷಕ್ಕೆ 444 ಆಯ್ತಲ್ಲ ಅಂತ ಖುಷಿಯಲ್ಲಿ ಬಜೆಟ್ ಮಾಡ್ಬೇಡಿ, ಜಾಹೀರಾತು ಪ್ರತಿ ತಿಂಗಳು ಸಿಗ್ಲೇಬೇಕು ಅಂತ ಇಲ್ಲ. ಒಂದು ಪೈಸೆ ಜಾಹೀರಾತು ಬರದಿದ್ರೂ ಒಂದು ವರ್ಷ ಕರೆಂಟ್, ಬಾಡಿಗೆ, ಇಬ್ಬರ ಸಂಬಳ ಕೊಡ್ಲಿಕ್ಕೆ ಆಗ್ತದಾ ಅಂತ ನೋಡಿ, ಆಗುದಿಲ್ಲ ಅಂತಾದ್ರೆ ಸಾಮಾನು ತೆಗೀಬೇಡಿ. ಅನುಮತಿಯನ್ನ ಇನ್ನೊಬ್ರಿಗೆ ಮಾರ್ಲಿಕ್ಕೂ ಇಲ್ಲ, ವರ್ಗ ಮಾಡ್ಲಿಕ್ಕೂ ಇಲ್ಲ, ಸಂಘ ಒಡೆದ್ರೆ ರೇಡಿಯೋವೂ ಹೋಯ್ತು. ಅದಕ್ಕೆ ಸ್ಟುಡಿಯೋ ಜಾಗ ಯಾರ ಹೆಸರಲ್ಲಿ, ಚೆಕ್ಕಿಗೆ ಸೈನ್ ಯಾರದ್ದು, ಅಧ್ಯಕ್ಷರು ಬದಲಾದ್ರೆ ಕೀಲಿಕೈ ಯಾರಿಗೆ, ಇದೆಲ್ಲ ಮೊದ್ಲೇ ಬರ್ದು ಮಹಾಸಭೆಯಲ್ಲಿ ಪಾಸ್ ಮಾಡಿಸಿ. ಕಾರ್ಯಕ್ರಮ ಸಲಹಾ ಸಮಿತಿಯಲ್ಲಿ ಅರ್ಧದಷ್ಟಾದ್ರೂ ಹೆಂಗಸ್ರು ಇರ್ಬೇಕು ಅಂತ ನಿಯಮ ಉಂಟು, ಹೆಸರಿಗೆ ಮಾತ್ರ ಸೇರಿಸ್ಬೇಡಿ, ಹಗಲು ಹೊತ್ತಲ್ಲಿ ರೇಡಿಯೋ ಹಾಕಿಟ್ಟು ಕೆಲಸ ಮಾಡುವವ್ರು ಅವ್ರೇ, ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಅಂತ ಅವ್ರ ಹತ್ರವೇ ಕೇಳಿ ಪಟ್ಟಿ ಮಾಡಿ.